ಗಡ್ಡೆಗೆ ಪೂರ್ಣ ಪ್ರಮಾಣ, ಪಕ್ಕದ ಅಂಗಕ್ಕೆ ರಕ್ಷಣೆ: ಇಂದಿನ ವಿಕಿರಣ ಚಿಕಿತ್ಸೆ

(ಸಾರ್ವಜನಿಕ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ನಾನು ವೈದ್ಯಕೀಯ ಭೌತವಿಜ್ಞಾನಿ. ಯಾವ ಗಡ್ಡೆಗೆ ಎಷ್ಟು ವಿಕಿರಣ ಬೇಕೆಂಬುದನ್ನು ಕ್ಯಾನ್ಸರ್ ವೈದ್ಯರು ನಿರ್ಧರಿಸುತ್ತಾರೆ; ಅಷ್ಟೇ ಪ್ರಮಾಣ, ಅದೇ ಜಾಗಕ್ಕೆ, ದಿನವೂ ತಪ್ಪದೆ ತಲುಪುವಂತೆ ಲೆಕ್ಕ ಹಾಕುವುದು ಮತ್ತು ಯಂತ್ರವನ್ನು ಅಳೆದು ನೋಡುವುದು ನನ್ನಂಥವರ ಹೊಣೆ. ಹಳ್ಳಿಗಳ ಕಡೆ 'ಕರೆಂಟ್ ಕೊಡುವುದು' ಎಂದು ಕರೆಯುವ ಈ ಚಿಕಿತ್ಸೆಯಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಬಂದಷ್ಟು ಹೊಸ ಯಂತ್ರಗಳು, ಹೊಸ ಹೆಸರುಗಳು ವೈದ್ಯಕೀಯದ ಬೇರೆ ಕೆಲವೇ ಶಾಖೆಗಳಲ್ಲಿ ಬಂದಿರಬಹುದು. ಆ ಹೆಸರುಗಳನ್ನೆಲ್ಲ ಸಾಲಾಗಿ ವಿವರಿಸುತ್ತ ಹೋಗುವುದು ನನ್ನ ಉದ್ದೇಶವಲ್ಲ. ಅವೆಲ್ಲವೂ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದಿವೆ: ಗಡ್ಡೆ ಸಾಯುವಷ್ಟು ವಿಕಿರಣವನ್ನು ಅದಕ್ಕೆ ಕೊಟ್ಟು, ಅದಕ್ಕೆ ಅಂಟಿಕೊಂಡೇ ಇರುವ ಆರೋಗ್ಯವಂತ ಅಂಗವನ್ನು ಉಳಿಸಿಕೊಳ್ಳುವುದು ಹೇಗೆ? ಯಾವ ತಂತ್ರಜ್ಞಾನ ಈ ಪ್ರಶ್ನೆಗೆ ಯಾವ ಕ್ಯಾನ್ಸರಿನಲ್ಲಿ ಎಷ್ಟರಮಟ್ಟಿಗೆ ಉತ್ತರ ಕೊಟ್ಟಿದೆ, ಮತ್ತು ಆ ಉತ್ತರ ನಮ್ಮ ರೋಗಿಗೆ ನಿಜವಾಗಿ ತಲುಪಬೇಕಾದರೆ ಯಂತ್ರದ ಆಚೆಗೆ ಏನಿರಬೇಕು ಎಂಬುದನ್ನು ಹೇಳುವುದಷ್ಟೇ ಇಂದಿನ ನನ್ನ ಪ್ರಯತ್ನ.

ವಿಕಿರಣವೆಂದರೆ ಸುಡುವುದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆದ್ದರಿಂದ ಮೊದಲು ಒಂದು ಲೆಕ್ಕ. ವಿಕಿರಣದ ಪ್ರಮಾಣವನ್ನು ನಾವು 'ಗ್ರೇ' ಎಂಬ ಮಾನದಲ್ಲಿ ಅಳೆಯುತ್ತೇವೆ. ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ಆರೇಳು ವಾರಗಳಲ್ಲಿ ಕೊಡುವ ಒಟ್ಟು ಪ್ರಮಾಣ ಸಾಮಾನ್ಯವಾಗಿ 60ರಿಂದ 70 ಗ್ರೇ. ಈ 70 ಗ್ರೇಯನ್ನು ಒಮ್ಮೆಗೇ ಕೊಟ್ಟರೂ ಅದರಿಂದ ಅಂಗಾಂಶದ ಉಷ್ಣತೆ ಏರುವುದು ಒಂದು ಡಿಗ್ರಿ ಸೆಲ್ಸಿಯಸ್‌ನ ಐವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಇಲ್ಲಿ ಶಾಖ ಕೆಲಸ ಮಾಡುತ್ತಿಲ್ಲ. ಕಿರಣಗಳು ಜೀವಕೋಶದೊಳಗಿನ ನೀರಿನ ಅಣುಗಳನ್ನು ಒಡೆದು ತೀವ್ರವಾಗಿ ವರ್ತಿಸುವ ರಾಸಾಯನಿಕ ತುಣುಕುಗಳನ್ನು ಹುಟ್ಟಿಸುತ್ತವೆ. ಆ ತುಣುಕುಗಳೂ ಕಿರಣಗಳು ಬಿಡಿಸಿದ ಎಲೆಕ್ಟ್ರಾನುಗಳೂ ಸೇರಿ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತವೆ. ಎರಡೂ ಎಳೆ ತುಂಡಾದ ಕೋಶ ಆ ಕ್ಷಣವೇ ಸಾಯಬೇಕೆಂದಿಲ್ಲ; ಮುಂದೆ ವಿಭಜನೆಗೊಳ್ಳಲು ಹೊರಟಾಗ ಸಾಯುತ್ತದೆ. ಚಿಕಿತ್ಸೆ ಮುಗಿದ ಮರುದಿನವೇ ಗಡ್ಡೆ ಕಾಣೆಯಾಗದಿರುವುದಕ್ಕೆ, ವೈದ್ಯರು ಪರಿಣಾಮ ನೋಡಲು ಎರಡು ಮೂರು ತಿಂಗಳು ಕಾಯುವುದಕ್ಕೆ ಇದೇ ಕಾರಣ.

ಆರೋಗ್ಯವಂತ ಕೋಶಗಳಿಗೂ ಇದೇ ಏಟು ಬೀಳುತ್ತದೆ, ಆದರೆ ಅವು ಹಾನಿಯನ್ನು ಸರಿಪಡಿಸಿಕೊಳ್ಳುವುದರಲ್ಲಿ ಸಾಮಾನ್ಯವಾಗಿ ಕ್ಯಾನ್ಸರ್ ಕೋಶಗಳಿಗಿಂತ ಮುಂದು. ಈ ವ್ಯತ್ಯಾಸವನ್ನು ಬಳಸಿಕೊಳ್ಳುವ ದಾರಿಯನ್ನು ತೋರಿಸಿದವರಲ್ಲಿ ಪ್ಯಾರಿಸ್ಸಿನ ಕ್ಲೋದಿಯುಸ್ ರೆಗೋ ಪ್ರಮುಖರು. ಟಗರುಗಳ ವೃಷಣಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಒಂದೇ ಸಲ ವಿಕಿರಣ ಕೊಟ್ಟು ಅವನ್ನು ಬಂಜೆಯಾಗಿಸಲು ಹೋದರೆ ಮೇಲಿನ ಚರ್ಮ ಹಾಳಾಗುತ್ತದೆ, ಅದನ್ನೇ ಹಲವು ದಿನಗಳಿಗೆ ಹಂಚಿ ಕೊಟ್ಟರೆ ಚರ್ಮ ಉಳಿಯುತ್ತದೆ ಎಂದು ಕಂಡುಬಂತು. ಅವರ ಸಹೋದ್ಯೋಗಿ ಆಂರಿ ಕುತಾರ್ 1920ರ ದಶಕದಲ್ಲಿ ಇದನ್ನು ಗಂಟಲಿನ ಕ್ಯಾನ್ಸರ್ ರೋಗಿಗಳಿಗೆ ಅನ್ವಯಿಸಿದರು. ಇಂದಿಗೂ ಹೆಚ್ಚಿನ ರೋಗಿಗಳು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಸಲ, ವಾರಗಟ್ಟಲೆ ಬರುವುದಕ್ಕೆ ಮೂಲ ಅಲ್ಲಿದೆ. ಯಂತ್ರ ಎಷ್ಟೇ ಹೊಸದಾಗಿರಲಿ, ಈ ಜೀವವಿಜ್ಞಾನ ಬದಲಾಗಿಲ್ಲ.

ಯಂತ್ರಗಳ ಇತಿಹಾಸವನ್ನು ಬೇಗ ಮುಗಿಸುತ್ತೇನೆ. 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನೂ 1898ರಲ್ಲಿ ಕ್ಯೂರಿ ದಂಪತಿ ರೇಡಿಯಂ ಅನ್ನೂ ಕಂಡುಹಿಡಿದರು. ಆರಂಭದ ಕ್ಷ-ಕಿರಣಗಳಿಗೆ ಆಳಕ್ಕೆ ಇಳಿಯುವ ಶಕ್ತಿ ಇರಲಿಲ್ಲ. ಹೊಟ್ಟೆಯೊಳಗಿನ ಗಡ್ಡೆಗೆ ಸಾಕಷ್ಟು ತಲುಪಿಸುವಷ್ಟರಲ್ಲಿ ಚರ್ಮ ಸುಟ್ಟಂತಾಗುತ್ತಿತ್ತು. ಇಂದು ಜನಮನದಲ್ಲಿರುವ 'ಸುಡುವ' ಚಿತ್ರದ ಬಹುಪಾಲು ಆ ಕಾಲದ್ದು. 1951ರಲ್ಲಿ ಕೆನಡಾದಲ್ಲಿ ಮೊದಲ ಕೋಬಾಲ್ಟ್-60 ಯಂತ್ರಗಳು ಬಂದ ಮೇಲೆ ಚಿತ್ರ ಬದಲಾಯಿತು. ಕೋಬಾಲ್ಟ್‌ನ ಗಾಮಾ ಕಿರಣಗಳು ಆಳಕ್ಕೆ ಇಳಿಯುತ್ತವೆ, ಚರ್ಮವನ್ನು ಸಾಕಷ್ಟು ಉಳಿಸುತ್ತವೆ. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಲೀನಿಯರ್ ಆಕ್ಸಿಲರೇಟರ್, ಅಂದರೆ ನಾವು ದಿನನಿತ್ಯ 'ಲಿನ್ಯಾಕ್' ಎನ್ನುವ ಯಂತ್ರ, ರೋಗಿಗಳ ಚಿಕಿತ್ಸೆಗೆ ಬಂತು. ಇದರಲ್ಲಿ ವಿಕಿರಣಶೀಲ ವಸ್ತುವೇ ಇಲ್ಲ. ಎಲೆಕ್ಟ್ರಾನುಗಳನ್ನು ಮೈಕ್ರೋವೇವ್‌ಗಳ ಬಲದಿಂದ ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಟಂಗ್‌ಸ್ಟನ್ ಲೋಹಕ್ಕೆ ಬಡಿಸಿದಾಗ ಪ್ರಬಲವಾದ ಕ್ಷ-ಕಿರಣ ಹೊಮ್ಮುತ್ತದೆ, ವಿದ್ಯುತ್ ನಿಲ್ಲಿಸಿದರೆ ಕಿರಣವೂ ನಿಲ್ಲುತ್ತದೆ.

ಕೋಬಾಲ್ಟ್ ಯಂತ್ರವನ್ನು ಹಳೆಯದೆಂದು ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ, ಹಾಗಾಗಿ ತಿಂಗಳಿಗೆ ಸುಮಾರು ಶೇಕಡ ಒಂದರಷ್ಟು ಅದರ ಬಲ ಕುಗ್ಗುತ್ತದೆ, ಚಿಕಿತ್ಸೆಯ ನಿಮಿಷಗಳು ಹೆಚ್ಚುತ್ತವೆ, ಕಿರಣದ ಅಂಚು ಲಿನ್ಯಾಕ್‌ನಷ್ಟು ಚೂಪಾಗಿರುವುದಿಲ್ಲ. ಇವೆಲ್ಲ ನಿಜ. ಆದರೆ ವಿದ್ಯುತ್ ಪೂರೈಕೆ ಸರಿಯಿಲ್ಲದ, ದುರಸ್ತಿ ಮಾಡುವ ಎಂಜಿನಿಯರ್ ನೂರಾರು ಕಿಲೋಮೀಟರ್ ದೂರದಿಂದ ಬರಬೇಕಾದ ಊರಿನಲ್ಲಿ, ನಿಂತುಹೋದ ಲಿನ್ಯಾಕ್‌ಗಿಂತ ನಡೆಯುವ ಕೋಬಾಲ್ಟ್ ಎಷ್ಟೋ ಮೇಲು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ 'ಭಾಭಾಟ್ರಾನ್' ಎಂಬ ಸ್ವದೇಶಿ ಕೋಬಾಲ್ಟ್ ಯಂತ್ರದ ಮೊದಲ ಘಟಕ 2005ರಲ್ಲಿ ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಸ್ಥಾಪನೆಯಾಯಿತು. ಅದರ ತಯಾರಿಕೆಯ ಹೊಣೆ ಹೊತ್ತದ್ದು ನಮ್ಮ ಬೆಂಗಳೂರಿನ ಪನೇಶಿಯಾ ಮೆಡಿಕಲ್ ಟೆಕ್ನಾಲಜೀಸ್. ಭಾರತ ವಿಯೆಟ್ನಾಂಗೆ ಕೊಡುಗೆಯಾಗಿ ಕೊಟ್ಟ ಯಂತ್ರವೂ ಇದೇ. ಕ್ಯಾನ್ಸರ್ ಯಂತ್ರವೆಂದರೆ ವಿದೇಶದಿಂದಲೇ ಬರಬೇಕೆಂದು ನಂಬಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಈಗ ನಿಜವಾದ ತಿರುವಿಗೆ ಬರುತ್ತೇನೆ. 1970ರ ದಶಕದವರೆಗೂ ಗಡ್ಡೆ ಎಲ್ಲಿದೆ ಎಂಬುದನ್ನು ಎಲುಬುಗಳ ಎಕ್ಸ್-ರೇ ನೋಡಿ ಅಂದಾಜು ಮಾಡಬೇಕಿತ್ತು. ಅಂದಾಜು ತಪ್ಪಿ ಗಡ್ಡೆಯ ಅಂಚು ಹೊರಗುಳಿಯಬಾರದೆಂದು ಸುತ್ತಲೂ ದೊಡ್ಡ ಚೌಕವನ್ನೇ ಕಿರಣಕ್ಕೆ ಒಡ್ಡುತ್ತಿದ್ದರು. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನ್ 1971ರಲ್ಲಿ ಮೊದಲ ರೋಗಿಯ ಮಿದುಳನ್ನು ತೋರಿಸಿದ ಮೇಲೆ ದೇಹದ ಒಳಗನ್ನು ಪದರ ಪದರವಾಗಿ ನೋಡಲು ಸಾಧ್ಯವಾಯಿತು, ಮತ್ತು ಆ ಚಿತ್ರಗಳ ಮೇಲೆಯೇ ಗಡ್ಡೆಯನ್ನು ಗುರುತಿಸಿ ಅದರ ಆಕಾರಕ್ಕೆ ತಕ್ಕಂತೆ ಕಿರಣವನ್ನು ಕತ್ತರಿಸುವ ಆಲೋಚನೆ ಬಂತು. ಕತ್ತರಿಸುವ ಸಾಧನವೇ ಮಲ್ಟಿಲೀಫ್ ಕಾಲಿಮೇಟರ್: ಲಿನ್ಯಾಕ್‌ನ ತಲೆಯೊಳಗೆ ಎದುರುಬದುರಾಗಿ ಜೋಡಿಸಿದ ನೂರಕ್ಕೂ ಹೆಚ್ಚು ಟಂಗ್‌ಸ್ಟನ್ ಪಟ್ಟಿಗಳು, ಪ್ರತಿಯೊಂದಕ್ಕೂ ತನ್ನದೇ ಮೋಟರು. ರೋಗಿಯ ಮಟ್ಟದಲ್ಲಿ ನಡುವಿನ ಪಟ್ಟಿಯೊಂದರ ನೆರಳಿನ ಅಗಲ ಹಲವು ಯಂತ್ರಗಳಲ್ಲಿ 5 ಮಿಲಿಮೀಟರ್.

ಈ ಪಟ್ಟಿಗಳು ಚಿಕಿತ್ಸೆಯ ನಡುವೆಯೂ ಚಲಿಸುತ್ತಿದ್ದರೆ ಒಂದೇ ದಿಕ್ಕಿನಿಂದ ಬರುವ ಕಿರಣದಲ್ಲೂ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ತೀವ್ರತೆ ಉಂಟಾಗುತ್ತದೆ. ಹಲವು ದಿಕ್ಕುಗಳ ಇಂಥ ಏರಿಳಿತಗಳನ್ನು ಕೂಡಿಸಿದರೆ ಗಡ್ಡೆಯನ್ನು ಬಳಸಿ, ಬೆನ್ನುಹುರಿಯನ್ನು ಬಿಟ್ಟು, ಬಾಗಿದ ಆಕಾರದಲ್ಲಿ ಪ್ರಮಾಣವನ್ನು ಹರಡಬಹುದು. ಇದೇ ಐಎಂಆರ್‌ಟಿ. ಸಾವಿರಾರು ಸಾಧ್ಯತೆಗಳಲ್ಲಿ ಯಾವ ಏರಿಳಿತ ಬೇಕೆಂದು ಮನುಷ್ಯ ಊಹಿಸಲಾರ. ಆದ್ದರಿಂದ ಗಡ್ಡೆಗೆ ಇಷ್ಟು ಬೇಕು, ಬೆನ್ನುಹುರಿಗೆ ಇಷ್ಟನ್ನು ಮೀರಬಾರದು ಎಂದು ಫಲವನ್ನು ಮೊದಲು ಹೇಳಿ, ದಾರಿಯನ್ನು ಹುಡುಕಲು ಕಂಪ್ಯೂಟರಿಗೆ ಬಿಡುತ್ತೇವೆ. ಸ್ವೀಡನ್ನಿನ ಆಂಡರ್ಸ್ ಬ್ರಾಹ್ಮೆ 1980ರ ದಶಕದಲ್ಲಿ ಈ ವಿಲೋಮ ಲೆಕ್ಕಾಚಾರಕ್ಕೆ ತಳಹದಿ ಹಾಕಿದರು. ಯಂತ್ರ ರೋಗಿಯ ಸುತ್ತ ನಿಲ್ಲದೆ ತಿರುಗುತ್ತಲೇ ಇದನ್ನು ಮಾಡುವ ವಿಮ್ಯಾಟ್ ವಿಧಾನ 2008ರ ನಂತರ ಬಳಕೆಗೆ ಬಂದು, ಕಾಲು ಗಂಟೆ ಹಿಡಿಯುತ್ತಿದ್ದ ಕಿರಣದ ಹೊತ್ತನ್ನು ಎರಡು ಮೂರು ನಿಮಿಷಕ್ಕೆ ಇಳಿಸಿತು.

ನಮ್ಮ ದೇಶದಲ್ಲಿ ತಂಬಾಕು, ಗುಟ್ಕಾ, ಅಡಿಕೆಯಿಂದ ಬರುವ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಇಷ್ಟೊಂದು ಇರುವುದರಿಂದ ಈ ಒಂದು ಉದಾಹರಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ರೋಗಿ ಮೊದಲ ದಿನ ಬಂದಾಗ ಕಿರಣ ಕೊಡುವುದಿಲ್ಲ. ಮೇಜಿನ ಮೇಲೆ ಮಲಗಿಸಿ ಕತ್ತಿನ ಕೆಳಗೆ ಆಧಾರವಿಟ್ಟು, ತಲೆ ನೇರವಾಗಿದೆಯೇ ಎಂದು ಗೋಡೆಯ ಲೇಸರ್ ಗೆರೆಗಳಿಂದ ನೋಡುತ್ತಾರೆ. ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ, ತೂತುಗಳಿರುವ ಬಿಳಿಯ ಪ್ಲಾಸ್ಟಿಕ್ ಹಾಳೆಯನ್ನು ಇಬ್ಬರು ತಂತ್ರಜ್ಞರು ಎರಡೂ ಬದಿ ಹಿಡಿದು ಮುಖದ ಮೇಲೆ ಎಳೆದು, ಮೂಗು, ಗಲ್ಲ, ಭುಜದ ಸುತ್ತ ಬೆರಳಿನಿಂದ ಒತ್ತುತ್ತಾರೆ. ಹತ್ತು ನಿಮಿಷದಲ್ಲಿ ಅದು ತಣಿದು ಆ ಮುಖದ್ದೇ ಅಚ್ಚಾಗುತ್ತದೆ. ಮುಂದಿನ ಆರೇಳು ವಾರ ದಿನವೂ ಆ ಅಚ್ಚಿನೊಳಗೇ ಅವರು ಮಲಗಬೇಕು. ಉಸಿರುಗಟ್ಟುತ್ತದೆಂದು ಹೆದರುವವರು ಬಹಳ. ತೂತುಗಳಿಂದ ಉಸಿರಾಡಬಹುದು, ಕೈಯೆತ್ತಿದರೆ ಕ್ಯಾಮರಾದಲ್ಲಿ ನೋಡುತ್ತಿರುವವರು ತಕ್ಷಣ ಯಂತ್ರ ನಿಲ್ಲಿಸಿ ಬರುತ್ತಾರೆ ಎಂಬುದನ್ನು ಮೊದಲೇ ತಿಳಿಸಿಹೇಳಿದರೆ ಭಯ ಅರ್ಧ ಇಳಿಯುತ್ತದೆ.

ಅಚ್ಚು ಹಾಕಿಯೇ ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ಮೂರು ಮಿಲಿಮೀಟರಿಗೊಂದರಂತೆ ನೂರಕ್ಕೂ ಹೆಚ್ಚು ಚಿತ್ರಗಳು. ವೈದ್ಯರು ಒಂದೊಂದು ಚಿತ್ರದ ಮೇಲೂ ಕಣ್ಣಿಗೆ ಕಾಣುವ ಗಡ್ಡೆಯನ್ನು ಒಂದು ಗೆರೆಯಿಂದ, ಕಾಣದಿದ್ದರೂ ರೋಗ ಹರಡಿರಬಹುದಾದ ಗ್ರಂಥಿಗಳ ಜಾಗವನ್ನು ಇನ್ನೊಂದರಿಂದ, ಬೆನ್ನುಹುರಿ, ಲಾಲಾಗ್ರಂಥಿ, ದವಡೆ, ನುಂಗುವ ಸ್ನಾಯುಗಳನ್ನು ಬೇರೆ ಬೇರೆ ಬಣ್ಣಗಳಿಂದ ಗುರುತಿಸುತ್ತಾರೆ. ಈ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಮಹತ್ವದ ಹೊತ್ತು ಅದೇ. ಏಕೆಂದರೆ ಐಎಂಆರ್‌ಟಿ ಬರೆದ ಗೆರೆಯನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಗೆರೆ ಗಡ್ಡೆಯ ಒಂದು ಮೂಲೆಯನ್ನು ಬಿಟ್ಟಿದ್ದರೆ ಯಂತ್ರವೂ ಅದನ್ನು ಬಿಡುತ್ತದೆ. ಹಳೆಯ ದೊಡ್ಡ ಚೌಕದ ಕಿರಣ ಇಂಥ ತಪ್ಪನ್ನು ಕ್ಷಮಿಸುತ್ತಿತ್ತು, ಹೊಸದು ಕ್ಷಮಿಸುವುದಿಲ್ಲ.

ಇಷ್ಟು ಶ್ರಮದಿಂದ ರೋಗಿಗೆ ಸಿಗುವುದೇನು? ಕಿವಿಯ ಮುಂದಿರುವ ಪೆರೋಟಿಡ್ ಲಾಲಾಗ್ರಂಥಿಗೆ ಸರಾಸರಿ 26 ಗ್ರೇಗಿಂತ ಕಡಿಮೆ ಬಿದ್ದರೆ ಅದು ಕಾಲಕ್ರಮೇಣ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಅಧ್ಯಯನದಲ್ಲಿ, ಚಿಕಿತ್ಸೆಯಾಗಿ ಒಂದು ವರ್ಷದ ನಂತರ, ಹಳೆಯ ವಿಧಾನದವರಲ್ಲಿ ಶೇ. 74 ಮಂದಿಗೆ ಬಾಯಿ ಗಮನಾರ್ಹವಾಗಿ ಒಣಗುವ ತೊಂದರೆಯಿದ್ದರೆ ಐಎಂಆರ್‌ಟಿ ಪಡೆದವರಲ್ಲಿ ಅದು ಶೇ. 38ಕ್ಕೆ ಇಳಿದಿತ್ತು. ಒಣರೊಟ್ಟಿ, ಜೋಳದ ರೊಟ್ಟಿ ತಿಂದು ಬದುಕುವ ಮನುಷ್ಯನಿಗೆ ಬಾಯಲ್ಲಿ ಜೊಲ್ಲಿಲ್ಲದಿದ್ದರೆ ಏನಾಗುತ್ತದೆಂದು ಯೋಚಿಸಿ: ತುತ್ತು ನುಂಗಲಾಗದು, ರಾತ್ರಿ ನಿದ್ದೆಯಲ್ಲಿ ನಾಲಗೆ ಅಂಟಿಕೊಳ್ಳುತ್ತದೆ, ಹಲ್ಲುಗಳು ಹುಳುಕಾಗುತ್ತವೆ. ಆಯುಷ್ಯದ ಅಂಕಿ ಬದಲಾಗದಿದ್ದರೂ ಉಳಿದ ಆಯುಷ್ಯ ಹೇಗಿರುತ್ತದೆಂಬುದನ್ನು ಈ ತಂತ್ರಜ್ಞಾನ ಬದಲಿಸಿತು.

ನಮ್ಮದೇ ದೇಶದ ಸಾಕ್ಷ್ಯವೂ ಇದೆ, ಅದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ಗರ್ಭಕಂಠದ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾದ 300 ಮಹಿಳೆಯರಲ್ಲಿ ನಡೆಸಿದ ಪಾರ್ಸರ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಕರುಳಿನ ಗಮನಾರ್ಹ ತೊಂದರೆ ಹಳೆಯ ವಿಧಾನದಲ್ಲಿ ಶೇ. 42ರಷ್ಟು ಮಹಿಳೆಯರಲ್ಲಿ ಕಂಡರೆ, ಚಿತ್ರ-ನಿರ್ದೇಶಿತ ಐಎಂಆರ್‌ಟಿಯಲ್ಲಿ ಶೇ. 21ರಷ್ಟು ಮಹಿಳೆಯರಲ್ಲಿ ಕಂಡಿತು. ರೋಗದ ಹತೋಟಿ ಎರಡರಲ್ಲೂ ಒಂದೇ ಬಗೆಯಾಗಿತ್ತು. ದುಬಾರಿ ತಂತ್ರಜ್ಞಾನ ಬಡ ದೇಶಗಳಿಗೆ ಬೇಡವೆಂಬ ವಾದಕ್ಕೆ ಇದು ತಕ್ಕ ಉತ್ತರ.

ಚಿತ್ರ-ನಿರ್ದೇಶಿತ ಎಂದೆ. ಯೋಜನೆ ಎಷ್ಟೇ ಚೆನ್ನಾಗಿದ್ದರೂ ರೋಗಿ ದಿನವೂ ಒಂದೇ ರೀತಿ ಮಲಗುವುದಿಲ್ಲ. ಮೂತ್ರಕೋಶ ಒಂದು ದಿನ ತುಂಬಿರುತ್ತದೆ, ಇನ್ನೊಂದು ದಿನ ಖಾಲಿ. ತೂಕ ಇಳಿದಂತೆ ಮುಖದ ಅಚ್ಚು ಸಡಿಲವಾಗುತ್ತದೆ. ಆದ್ದರಿಂದ ಲಿನ್ಯಾಕ್‌ಗೇ ಒಂದು ಚಿಕ್ಕ ಸಿಟಿ ವ್ಯವಸ್ಥೆಯನ್ನು ಜೋಡಿಸಿ, ಕಿರಣ ಕೊಡುವ ಮುನ್ನ ಅಲ್ಲೇ ಚಿತ್ರ ತೆಗೆದು, ಯೋಜನೆಯ ಚಿತ್ರದೊಂದಿಗೆ ಹೋಲಿಸಿ ಮೇಜನ್ನು ಕೆಲವು ಮಿಲಿಮೀಟರ್ ಸರಿಸುವುದು ಇಂದು ವಾಡಿಕೆ. ಮೃದು ಅಂಗಾಂಶವನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ಎಂಆರ್‌ಐಯನ್ನೇ ಲಿನ್ಯಾಕ್‌ನೊಂದಿಗೆ ಕೂಡಿಸಿದ ಯಂತ್ರಗಳೂ ಬಂದಿವೆ. ನೆದರ್‌ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಬೆಳೆದ ಅಂಥ ಯಂತ್ರದಲ್ಲಿ 2017ರಲ್ಲಿ ಮೊದಲ ರೋಗಿಗೆ ಚಿಕಿತ್ಸೆಯಾಯಿತು. ಅಂದಿನ ಚಿತ್ರ ನೋಡಿ ಅಂದೇ ಯೋಜನೆಯನ್ನು ತಿದ್ದುವುದು ಅದರ ಆಶಯ.

ಉಸಿರಾಟದ ಚಲನೆಯನ್ನು ನಿಭಾಯಿಸುವ ಒಂದು ಸರಳ ವಿಧಾನವನ್ನು ಇಲ್ಲಿ ಹೇಳಲೇಬೇಕು. ಎಡ ಸ್ತನದ ಕ್ಯಾನ್ಸರಿಗೆ ಕಿರಣ ಕೊಡುವಾಗ ಹೃದಯ ಹತ್ತಿರದಲ್ಲೇ ಇರುತ್ತದೆ. ಹೃದಯಕ್ಕೆ ಬೀಳುವ ಸರಾಸರಿ ಪ್ರಮಾಣ ಒಂದು ಗ್ರೇ ಹೆಚ್ಚಿದರೆ ಮುಂದಿನ ವರ್ಷಗಳಲ್ಲಿ ಹೃದಯಾಘಾತದಂಥ ಘಟನೆಗಳ ಅಪಾಯ ಶೇ. 7.4ರಷ್ಟು ಏರುತ್ತದೆಂದು 2013ರ ಅಧ್ಯಯನವೊಂದು ತೋರಿಸಿತು. ರೋಗಿ ದೀರ್ಘವಾಗಿ ಉಸಿರೆಳೆದು ಸುಮಾರು ಇಪ್ಪತ್ತು ಸೆಕೆಂಡು ಹಿಡಿದರೆ ಶ್ವಾಸಕೋಶ ಹಿಗ್ಗಿ ಹೃದಯ ಎದೆಗೂಡಿನ ಗೋಡೆಯಿಂದ ದೂರ ಸರಿಯುತ್ತದೆ, ಕಿರಣವನ್ನು ಆ ಹೊತ್ತಿನಲ್ಲಷ್ಟೇ ಬಿಡಲಾಗುತ್ತದೆ. ಎರಡು ಮೂರು ದಿನ ಅಭ್ಯಾಸ ಮಾಡಿಸಿದರೆ ಹೆಚ್ಚಿನ ಮಹಿಳೆಯರು ಇದನ್ನು ಸುಲಭವಾಗಿ ಕಲಿಯುತ್ತಾರೆ.

ಕಿರಣವನ್ನು ಇಷ್ಟು ನಿಖರವಾಗಿ ಇಡಬಹುದಾದರೆ, ಚಿಕ್ಕ ಗಡ್ಡೆಗೆ ವಾರಗಟ್ಟಲೆ ಹಂಚದೆ ಕೆಲವೇ ಸಲಗಳಲ್ಲಿ ದೊಡ್ಡ ಪ್ರಮಾಣ ಕೊಡಬಹುದಲ್ಲವೇ? ಮಿದುಳಿನ ವಿಷಯದಲ್ಲಿ ಸ್ಟಾಕ್‌ಹೋಮಿನ ಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲೇ ಈ ಕಲ್ಪನೆಯನ್ನು ಮುಂದಿಟ್ಟಿದ್ದರು. ಸುಮಾರು ಇನ್ನೂರು ಕೋಬಾಲ್ಟ್ ಮೂಲಗಳ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡುವ ಗಾಮಾ ನೈಫ್ ಅವರದೇ ಕೊಡುಗೆ. ನಮ್ಮ ನಿಮ್ಹಾನ್ಸ್‌ನಲ್ಲಿಯೂ ಅದು ಇದೆ. ದೇಹದ ಬೇರೆ ಭಾಗಗಳಿಗೆ ಇದೇ ತತ್ತ್ವವನ್ನು ಅನ್ವಯಿಸುವ ಎಸ್‌ಬಿಆರ್‌ಟಿ, ಶಸ್ತ್ರಕ್ರಿಯೆ ತಾಳಿಕೊಳ್ಳಲಾಗದ ಆರಂಭಿಕ ಹಂತದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ದೊಡ್ಡ ಆಸರೆಯಾಗಿದೆ: ಅಮೆರಿಕದ ಅಧ್ಯಯನವೊಂದರಲ್ಲಿ ಮೂರೇ ಸಲ ಚಿಕಿತ್ಸೆ ಪಡೆದವರಲ್ಲಿ ಮೂರು ವರ್ಷಗಳ ನಂತರ ಮೂಲ ಗಡ್ಡೆಯ ಹತೋಟಿ ಶೇ. 97ನ್ನು ದಾಟಿತ್ತು.

ಹೊಸತನದ ಸಂಭ್ರಮದಲ್ಲಿ ನಾವು ಮರೆಯುತ್ತಿರುವ ಒಂದು ವಿಧಾನವೆಂದರೆ ಬ್ರಾಕಿಥೆರಪಿ, ವಿಕಿರಣ ಮೂಲವನ್ನು ಗಡ್ಡೆಯೊಳಗೇ ಅಥವಾ ಅದರ ಪಕ್ಕದಲ್ಲೇ ಇಟ್ಟು ಕೊಡುವ ಚಿಕಿತ್ಸೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೊರಗಿನಿಂದ ಐದು ವಾರ ಕಿರಣ ಕೊಟ್ಟ ಬಳಿಕ ಗರ್ಭಕೋಶದೊಳಗೆ ತೆಳುವಾದ ಕೊಳವೆಗಳನ್ನು ಇರಿಸಿ, ಸಿಟಿ ಅಥವಾ ಎಂಆರ್‌ಐ ತೆಗೆದು, ಇರಿಡಿಯಂ-192ರ ಮೂಲವನ್ನು ತಂತಿಯ ತುದಿಯಲ್ಲಿ ಆ ಕೊಳವೆಗಳಿಗೆ ಕಳುಹಿಸಲಾಗುತ್ತದೆ. ಆ ಮೂಲ ಅಕ್ಕಿಕಾಳಿಗಿಂತಲೂ ಚಿಕ್ಕದು. ಅದು ಕೊಳವೆಯ ಒಂದೊಂದು ಬಿಂದುವಿನಲ್ಲಿ ಎಷ್ಟು ಸೆಕೆಂಡು ನಿಲ್ಲಬೇಕೆಂದು ಮೊದಲೇ ಲೆಕ್ಕ ಹಾಕಿರುತ್ತೇವೆ. ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಸಿ ಅದು ಯಂತ್ರದೊಳಗಿನ ಸೀಸ-ಟಂಗ್‌ಸ್ಟನ್ ರಕ್ಷಣೆಗೆ ಮರಳುತ್ತದೆ. ಮೂಲದಿಂದ ಸ್ವಲ್ಪ ದೂರ ಸರಿದರೂ ಪ್ರಮಾಣ ತಟ್ಟನೆ ಕುಸಿಯುವುದರಿಂದ ಪಕ್ಕದ ಮೂತ್ರಕೋಶ ಮತ್ತು ಗುದನಾಳಗಳು ಉಳಿಯುತ್ತವೆ, ಗಡ್ಡೆಗೆ ಮಾತ್ರ ಒಟ್ಟು 80 ಗ್ರೇಗೂ ಮಿಗಿಲಾದ ಪರಿಣಾಮ ಸಿಗುತ್ತದೆ. ಹೊರಗಿನ ಯಾವ ಯಂತ್ರದಿಂದಲೂ, ಅದೆಷ್ಟೇ ದುಬಾರಿಯಾಗಿದ್ದರೂ, ಇದಕ್ಕೆ ಸಮನಾದ ಪರ್ಯಾಯ ಸಿಕ್ಕಿಲ್ಲ. ಆದರೆ ಹೊರಗಿನ ಚಿಕಿತ್ಸೆ ಮುಗಿದ ಕೂಡಲೇ ರಕ್ತಸ್ರಾವ ನಿಂತಿರುವುದರಿಂದ ಗುಣವಾಯಿತೆಂದುಕೊಂಡು ಊರಿಗೆ ಹೋಗಿಬಿಡುವ ಮಹಿಳೆಯರಿದ್ದಾರೆ. ಅವರ ಮನೆಯವರಿಗೆ ನನ್ನ ಕಳಕಳಿಯ ವಿನಂತಿ: ಒಳಗಿನ ಚಿಕಿತ್ಸೆ ಆಗದಿದ್ದರೆ ಅದು ಅರ್ಧಕ್ಕೆ ನಿಂತ ಚಿಕಿತ್ಸೆ, ಅವರನ್ನು ದಯವಿಟ್ಟು ಕರೆದುಕೊಂಡು ಬನ್ನಿ.

ಪ್ರೋಟಾನ್ ಚಿಕಿತ್ಸೆಯ ಬಗ್ಗೆ ಪತ್ರಿಕೆಗಳಲ್ಲಿ ಬಹಳ ಬರುತ್ತಿದೆ. ಕ್ಷ-ಕಿರಣ ದೇಹವನ್ನು ಹೊಕ್ಕು, ಗಡ್ಡೆಯನ್ನು ದಾಟಿ, ಆಚೆ ಬದಿಯಿಂದ ಹೊರಬೀಳುತ್ತದೆ. ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಶಕ್ತಿಯನ್ನು ಬಿಟ್ಟುಹೋಗುತ್ತದೆ. ಪ್ರೋಟಾನ್ ಹಾಗಲ್ಲ. ಅದು ಹೊರಟ ಶಕ್ತಿಗೆ ತಕ್ಕ ಆಳದಲ್ಲಿ ತನ್ನ ಬಹುಪಾಲು ಶಕ್ತಿಯನ್ನು ಸುರಿದು ಅಲ್ಲೇ ನಿಲ್ಲುತ್ತದೆ. ವಿದ್ಯುದಾವಿಷ್ಟ ಕಣಗಳ ಈ ಗುಣವನ್ನು ವಿಲಿಯಂ ಬ್ರ್ಯಾಗ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಆಲ್ಫಾ ಕಣಗಳಲ್ಲಿ ಗುರುತಿಸಿದ್ದರು. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲಿ ಸೂಚಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. 1954ರಲ್ಲಿ ಬರ್ಕ್‌ಲಿಯಲ್ಲಿ ಮೊದಲ ರೋಗಿಗಳಿಗೆ ಚಿಕಿತ್ಸೆಯಾಯಿತು, ಆಸ್ಪತ್ರೆಯೊಳಗೇ ಕಟ್ಟಿದ ಮೊದಲ ಕೇಂದ್ರ 1990ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ತೆರೆಯಿತು. ಭಾರತದಲ್ಲಿ 2019ರಲ್ಲಿ ಚೆನ್ನೈನ ಅಪೊಲೊ ಕೇಂದ್ರವೂ 2023ರಲ್ಲಿ ಟಾಟಾ ಸ್ಮಾರಕ ಕೇಂದ್ರದ ಖಾರ್‌ಘರ್ ಆವರಣದ ಘಟಕವೂ ಆರಂಭವಾದವು.

ಇದು ಯಾರಿಗೆ ನಿಜವಾಗಿ ಬೇಕು? ನನ್ನ ಉತ್ತರ ಸ್ಪಷ್ಟ: ಮೊದಲಿಗೆ ಮಕ್ಕಳಿಗೆ. ಮೆಡ್ಯುಲೊಬ್ಲಾಸ್ಟೋಮ ಎಂಬ ಮಿದುಳಿನ ಗಡ್ಡೆಯಿರುವ ಆರು ವರ್ಷದ ಮಗುವಿಗೆ ಮಿದುಳು ಮತ್ತು ಇಡೀ ಬೆನ್ನುಹುರಿಗೆ ವಿಕಿರಣ ಕೊಡಬೇಕಾಗುತ್ತದೆ. ಬೆನ್ನಿನಿಂದ ಹೊಕ್ಕ ಕ್ಷ-ಕಿರಣ ಆ ಮಗುವಿನ ಹೃದಯ, ಥೈರಾಯ್ಡ್, ಕರುಳುಗಳನ್ನು ದಾಟಿಯೇ ಹೋಗುತ್ತದೆ. ಪ್ರೋಟಾನ್ ಬೆನ್ನೆಲುಬಿನಲ್ಲೇ ನಿಲ್ಲುತ್ತದೆ. ಮುಂದೆ ಅರವತ್ತು ವರ್ಷ ಬದುಕಬೇಕಾದ ಮಗುವಿಗೆ ಇದು ಬಹಳ ದೊಡ್ಡ ವ್ಯತ್ಯಾಸ. ತಲೆಬುರುಡೆಯ ತಳದ ಕೆಲವು ಗಡ್ಡೆಗಳಿಗೆ, ಒಮ್ಮೆ ವಿಕಿರಣ ಪಡೆದ ಜಾಗಕ್ಕೇ ಮತ್ತೆ ಕೊಡಬೇಕಾದ ಕೆಲವು ಸಂದರ್ಭಗಳಿಗೆ ಕೂಡ ಇದು ಸೂಕ್ತ. ಆದರೆ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಪ್ರೋಟಾನ್ ಮತ್ತು ಐಎಂಆರ್‌ಟಿಯನ್ನು ನೇರವಾಗಿ ಹೋಲಿಸಿದ ಅಮೆರಿಕದ ಅಧ್ಯಯನದ ಫಲಿತಾಂಶ 2024ರಲ್ಲಿ ಬಂದಾಗ, ರೋಗಿಗಳ ಜೀವನದ ಗುಣಮಟ್ಟದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಂಥ ರೋಗಕ್ಕಾಗಿ ಹೊಲ ಮಾರಿ ಪ್ರೋಟಾನ್ ಹುಡುಕಿಕೊಂಡು ಹೋಗುವ ಕುಟುಂಬವನ್ನು ಯಾರಾದರೂ ತಡೆಯಬೇಕು.

ಹೊಸ ತಂತ್ರಜ್ಞಾನ ನಮ್ಮ ಹಳ್ಳಿಯ ರೋಗಿಗೆ ಕೊಟ್ಟ ಅತಿ ದೊಡ್ಡ ಉಡುಗೊರೆ ಯಾವುದೆಂದು ಕೇಳಿದರೆ ನಾನು ಹೇಳುವುದು: ದಿನಗಳ ಉಳಿತಾಯ. ನಿಖರತೆ ಹೆಚ್ಚಿದಂತೆ ದಿನಕ್ಕೆ ಕೊಡುವ ಪ್ರಮಾಣವನ್ನು ಹೆಚ್ಚಿಸಿ ಒಟ್ಟು ದಿನಗಳನ್ನು ಇಳಿಸಲು ಸಾಧ್ಯವಾಯಿತು. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ, ಆರಂಭಿಕ ಸ್ತನ ಕ್ಯಾನ್ಸರಿನಲ್ಲಿ ಮೂರು ವಾರಗಳ 15 ಸಲದ ಚಿಕಿತ್ಸೆಗೆ ಒಂದೇ ವಾರದ 5 ಸಲದ ಚಿಕಿತ್ಸೆ ಐದು ವರ್ಷಗಳ ಲೆಕ್ಕದಲ್ಲಿ ಸರಿಸಮವೆಂದು ತೋರಿಸಿತು. 2024ರ ಪೇಸ್-ಬಿ ಅಧ್ಯಯನ, ಆಯ್ದ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗೆ 5 ಸಲದ ಚಿಕಿತ್ಸೆ 20 ಅಥವಾ 39 ಸಲದ್ದಕ್ಕಿಂತ ಕಡಿಮೆಯಲ್ಲವೆಂದು ಹೇಳಿತು. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ ರಾಜ್ಯದ ಮೂಲೆಮೂಲೆಗಳಿಂದ, ನೆರೆಯ ಆಂಧ್ರದಿಂದಲೂ ರೋಗಿಗಳು ಬರುತ್ತಾರೆ. ಕಲ್ಯಾಣ ಕರ್ನಾಟಕದ ಅನೇಕರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಕಿರಣ ಚಿಕಿತ್ಸೆಗೆ ಪ್ಯಾಕೇಜುಗಳಿವೆ, ಆದರೆ ಜೊತೆಗೆ ಬಂದ ಮಗನ ಆರು ವಾರದ ಕೂಲಿಯನ್ನು ಯಾವ ಪ್ಯಾಕೇಜೂ ತುಂಬಿಕೊಡುವುದಿಲ್ಲ. ಹದಿನೈದು ಸಲವನ್ನು ಐದಕ್ಕೆ ಇಳಿಸಿದ ವಿಜ್ಞಾನ ಅಂಥ ಮನೆಗೆ ನೇರವಾಗಿ ತಲುಪುತ್ತದೆ.

ಎಲ್ಲ ಕ್ಯಾನ್ಸರಿನಲ್ಲೂ ಹೀಗೆ ಇಳಿಸಲಾಗದು. ಬಾಯಿ, ಗಂಟಲು, ಗರ್ಭಕಂಠದ ಕ್ಯಾನ್ಸರುಗಳಲ್ಲಿ ವಾರಗಳ ಚಿಕಿತ್ಸೆ ಬೇಕೇ ಬೇಕು, ಮತ್ತು ಅಲ್ಲಿ ನಡುವೆ ಬಿಡುವು ಕೊಡುವುದು ಅಪಾಯಕರ, ಏಕೆಂದರೆ ಮೂರು ನಾಲ್ಕು ವಾರಗಳಾದ ಮೇಲೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ವೃದ್ಧಿಸತೊಡಗುತ್ತವೆ. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹಲವು ದೇಶಗಳಲ್ಲಿ ನಡೆಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ಒಟ್ಟು ಪ್ರಮಾಣವನ್ನು ವಾರಕ್ಕೆ ಐದರ ಬದಲು ಆರು ಸಲ ಕೊಟ್ಟು ಒಂದು ವಾರ ಬೇಗ ಮುಗಿಸಿದಾಗ, ತಲೆ-ಕತ್ತಿನ ಕ್ಯಾನ್ಸರಿನ ಐದು ವರ್ಷದ ಹತೋಟಿ ಶೇ. 30ರಿಂದ ಶೇ. 42ಕ್ಕೆ ಏರಿತು. ಹೊಸ ಯಂತ್ರವನ್ನು ಕೊಳ್ಳದೆ, ಶನಿವಾರವೂ ವಿಭಾಗವನ್ನು ತೆರೆದಿಟ್ಟದ್ದರಿಂದ ಬಂದ ಫಲ ಇದು. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೊರಗಿನ ಮತ್ತು ಒಳಗಿನ ಚಿಕಿತ್ಸೆ ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಜಾತ್ರೆ, ಮದುವೆ, ಹಬ್ಬಕ್ಕೆಂದು ನಾಲ್ಕು ದಿನ ಬಿಟ್ಟು ಬರುತ್ತೇವೆ ಎನ್ನುವವರಿಗೆ ನಾವು ಒಪ್ಪದಿರುವುದು ಈ ಕಾರಣಕ್ಕೆ. ಸರ್ಕಾರಗಳು ಯಂತ್ರಕ್ಕೆ ಕೋಟಿಗಟ್ಟಲೆ ಮಂಜೂರು ಮಾಡುವಾಗ ರೋಗಿ ಮತ್ತು ಜೊತೆಗಾರರು ಉಳಿಯುವ ಧರ್ಮಶಾಲೆಗೂ, ಯಂತ್ರ ನಡೆಸುವ ತಂತ್ರಜ್ಞರು ಮತ್ತು ಭೌತವಿಜ್ಞಾನಿಗಳ ಹುದ್ದೆಗಳಿಗೂ ಅದೇ ಕಡತದಲ್ಲಿ ಹಣ ಇಡಬೇಕೆಂದು ನಾನು ಎಲ್ಲ ವೇದಿಕೆಗಳಲ್ಲೂ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಮುಂದೆ ಬರಲಿರುವುದರಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿರುವುದು ಫ್ಲ್ಯಾಶ್. ಸಾಮಾನ್ಯವಾಗಿ ನಿಮಿಷಕ್ಕೆ ಕೆಲವೇ ಗ್ರೇ ವೇಗದಲ್ಲಿ ಕೊಡುವ ವಿಕಿರಣವನ್ನು ಸೆಕೆಂಡಿಗೆ 40 ಗ್ರೇಗೂ ಮೀರಿದ ವೇಗದಲ್ಲಿ ಕೊಟ್ಟರೆ ಗಡ್ಡೆಯ ಮೇಲಿನ ಪರಿಣಾಮ ಉಳಿದು, ಆರೋಗ್ಯವಂತ ಅಂಗಾಂಶಕ್ಕೆ ಹಾನಿ ಕಡಿಮೆಯಾಗುತ್ತದೆಂದು ಫ್ರಾನ್ಸಿನ ಸಂಶೋಧಕರು 2014ರಲ್ಲಿ ಇಲಿಗಳಲ್ಲಿ ತೋರಿಸಿದರು. 2018ರಲ್ಲಿ ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿ ಚರ್ಮದ ಲಿಂಫೋಮ ಇದ್ದ ರೋಗಿಯೊಬ್ಬರಿಗೆ 15 ಗ್ರೇಯನ್ನು 90 ಮಿಲಿಸೆಕೆಂಡಿನಲ್ಲಿ ಕೊಡಲಾಯಿತು. ಹೀಗೇಕಾಗುತ್ತದೆಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಇದು ಪ್ರಯೋಗದ ಹಂತದಲ್ಲಿದೆ, ಯಾವ ರೋಗಿಯೂ ಇದಕ್ಕಾಗಿ ಕಾಯಬಾರದು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಅಂಗಗಳ ಗೆರೆಗಳನ್ನು ನಿಮಿಷಗಳಲ್ಲಿ ಬರೆದುಕೊಡುತ್ತಿರುವುದು ಮಾತ್ರ ಇಂದಿನ ವಾಸ್ತವ. ವೈದ್ಯರ ಕೊರತೆಯಿರುವ ನಮ್ಮಲ್ಲಿ ಅದರಿಂದ ಉಪಕಾರವಿದೆ, ಪ್ರತಿ ಗೆರೆಯನ್ನೂ ವೈದ್ಯರೇ ಪರಿಶೀಲಿಸಿ ಸಹಿ ಹಾಕುವವರೆಗೆ.

ಮಾತಿನ ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಯಂತ್ರದ ಸುರಕ್ಷತೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ದೇಶದಲ್ಲಿ ಪ್ರತಿಯೊಂದು ವಿಕಿರಣ ಚಿಕಿತ್ಸಾ ಯಂತ್ರವೂ 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಯಿಂದಲೇ ನಡೆಯಬೇಕು. ಅರ್ಹ ಭೌತವಿಜ್ಞಾನಿ ಮತ್ತು ವಿಕಿರಣ ಸುರಕ್ಷತಾ ಅಧಿಕಾರಿ ಇಲ್ಲದೆ ಪರವಾನಗಿ ಸಿಗುವುದಿಲ್ಲ. ಬೆಳಿಗ್ಗೆ ಮೊದಲ ರೋಗಿ ಬರುವ ಮುನ್ನ ಯಂತ್ರ ಕೊಡುವ ಪ್ರಮಾಣವನ್ನು ಅಳೆಯುತ್ತೇವೆ; ನಿಗದಿತ ಮಿತಿಯನ್ನು ಮೀರಿದ್ದರೆ ಕಾರಣ ತಿಳಿಯುವವರೆಗೆ ಅಂದು ಯಾರಿಗೂ ಚಿಕಿತ್ಸೆಯಿಲ್ಲ. ಐಎಂಆರ್‌ಟಿ ರೋಗಿಯ ಯೋಜನೆಯನ್ನು ಮೊದಲು ಅಳತೆಯ ಉಪಕರಣದ ಮೇಲೆ ನಡೆಸಿ, ಕಂಪ್ಯೂಟರ್ ಹೇಳಿದ್ದೂ ಯಂತ್ರ ಕೊಟ್ಟದ್ದೂ ತಾಳೆಯಾದ ಮೇಲಷ್ಟೇ ರೋಗಿಗೆ ಕೊಡುತ್ತೇವೆ.

ಚಿಕಿತ್ಸೆ ಪಡೆದು ಮನೆಗೆ ಬಂದ ಅಜ್ಜ ಮೊಮ್ಮಗುವನ್ನು ಎತ್ತಿಕೊಳ್ಳಬಹುದೇ ಎಂದು ಒಬ್ಬ ತಾಯಿ ಕೇಳಿದರು. ಖಂಡಿತ ಎತ್ತಿಕೊಳ್ಳಬಹುದು. ಲಿನ್ಯಾಕ್ ಅಥವಾ ಕೋಬಾಲ್ಟ್‌ನಿಂದ ಚಿಕಿತ್ಸೆ ಪಡೆದವರ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ; ಮೇಲೆ ಹೇಳಿದ ಇರಿಡಿಯಂ ಚಿಕಿತ್ಸೆಯಲ್ಲೂ ಮೂಲ ಹೊರಬಂದ ಮೇಲೆ ಏನೂ ಉಳಿಯುವುದಿಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕುಡಿದವರು, ದೇಹದೊಳಗೆ ಶಾಶ್ವತವಾಗಿ ವಿಕಿರಣ ಬೀಜಗಳನ್ನು ಇರಿಸಿಕೊಂಡವರು ಮಾತ್ರ ಕೆಲವು ಕಾಲ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಬೇಕು. ಎಷ್ಟು ದಿನವೆಂದು ಆಸ್ಪತ್ರೆಯವರು ಬರೆದುಕೊಡುತ್ತಾರೆ.

ಮೂರನೆಯದು ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಶುರುವಾಗಬೇಕಾದ ರೋಗಿಯ ಮಗನ ಪ್ರಶ್ನೆ: ಹಾಳಾದ ಹಲ್ಲುಗಳನ್ನು ಈಗ ತೆಗೆಸಬೇಕೇ, ಎಲ್ಲ ಮುಗಿದ ಮೇಲೆ ತೆಗೆಸಿದರೆ ಸಾಲದೇ? ಈಗಲೇ ತೋರಿಸಬೇಕು. ವಿಕಿರಣ ಪಡೆದ ದವಡೆಯಲ್ಲಿ ರಕ್ತ ಸಂಚಾರ ಕುಗ್ಗಿರುತ್ತದೆ, ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯುವ ಅಪಾಯವಿದೆ. ಉಳಿಸಲಾಗದ ಹಲ್ಲುಗಳನ್ನು ಚಿಕಿತ್ಸೆಗೆ ಸುಮಾರು ಎರಡು ವಾರ ಮೊದಲು ತೆಗೆಸಿ, ಗಾಯ ಮಾಯ್ದ ಮೇಲೆ ಮುಖದ ಅಚ್ಚು ಮಾಡಿಸುವುದು ಸರಿಯಾದ ಕ್ರಮ. ಮುಂದೆ ಯಾವಾಗ ದಂತವೈದ್ಯರ ಬಳಿ ಹೋದರೂ, ಹತ್ತು ವರ್ಷಗಳ ನಂತರ ಹೋದರೂ, ಈ ದವಡೆಗೆ ವಿಕಿರಣ ಕೊಟ್ಟಿದ್ದಾರೆ ಎಂದು ಮೊದಲೇ ಹೇಳಿ, ಚಿಕಿತ್ಸೆಯ ಸಾರಾಂಶ ಪತ್ರವನ್ನು ತೋರಿಸಿ.